ಶುಕ್ರವಾರಕ್ಕೆ ತೇಲಿಬಿಟ್ಟ ಪುಸ್ತಕ

ಕೆಂಪು, ಒಂದೇ ಒಂದು ಕೆಂಪು, ಕೋಡಿನ ಮಿಕ್ಕ ಆರುನೂರ ಹನ್ನೊಂದು ಪರೀಕ್ಷೆಗಳೂ ಹಸಿರು, ಫ್ಯಾನು ಇತ್ತ ತಿರುಗಿದಾಗಲೆಲ್ಲ ಕಿಟಕಿಯ ಬಟ್ಟೆ ಎದ್ದು ಕಂಪ್ಯೂಟರಿನ ಮೇಲೆ ಬಿಸಿಲು ಬಿದ್ದು ಹಸಿರೆಲ್ಲ ಮಾಸುತ್ತದೆ, ಕೆಂಪು ಮಾತ್ರ ಮಾಸುವುದಿಲ್ಲ, ಹಾಳಾದ್ದು, ಫುವಾಟಿನೊ ತೆಂಗಿನಹಾಲಿನ ಬನ್ನು ಅಂಟಿದ ಬೆರಳು ನೆಕ್ಕಿಕೊಂಡು ಇನ್ನೊಮ್ಮೆ ಓಡಿಸಿದಳು, ಮತ್ತೆ ಅದೇ — ಕೆಳಗೆ ಬೀದಿಯಲ್ಲಿ ಬಸ್ಸೊಂದು ಹಾಡು ಹಾಕಿಕೊಂಡು ಬಂದು ನಿಂತಿತು, ಎರಡು ಗಂಟೆಯದಲ್ಲ ತಾನೇ, ಇಲ್ಲ, ಇನ್ನೂ ಒಂದೂವರೆ, ಅವಳಿಗೆ ಕೋಡ್ ಕಲಿಸಿದ ಪೆಲೆನಾಟೊ ಅಜ್ಜ ಬರುವುದು ಎರಡರ ಬಸ್ಸಿಗೆ, ಹದಿನಾಲ್ಕು ಮೆಟ್ಟಿಲನ್ನು ಕೋಲಿನಿಂದ ಎಣಿಸಿಕೊಂಡು ಹತ್ತುತ್ತಾನೆ, ಕುರ್ಚಿ ತಡವಿ ಕೂರುತ್ತಾನೆ, ಓದು ಮಗಳೇ, ಅನ್ನುತ್ತಾನೆ. ಸಕ್ಕರೆ ಕಾಯಿಲೆ ಕಣ್ಣು ತಿಂದ ಮೇಲೆ ಅವನಿಗೆ ಕೋಡ್ ಅಂದರೆ ಕಿವಿಯೇ. ಅವನು ಬರೆದ ನಾನೂರ ಹನ್ನೆರಡು ಸಾಲನ್ನು ಅವಳು ಮೂವತ್ತೊಂದಕ್ಕೆ ಇಳಿಸಿದ್ದಾಳೆ, ಅದನ್ನು ಅವನೆದುರೇ ಓದಬೇಕು.

ಏನಮ್ಮ, ಮುದುಕನ ಮನೆ ಕೆಡವಿ ಆಯ್ತಾ, ಅಂದ ಪಕ್ಕದ ಮೇಜಿನ ಲಫಾಯೆಲೆ, ಇವತ್ತು ಸಂಜೆ ಹೊಸ ಕೋಡ್ ಏರಿಸಲೇಬೇಕು ಕಣೇ, ನಲವತ್ತು ಊರಿನ ಲೈಬ್ರರಿ ಕಾಯ್ತಿದೆ — ಆಯ್ತು ಆಯ್ತು, ನಿನ್ನ ಕೆಲಸ ನೋಡ್ಕೊ, ಅಂದಳು, ಕೆಡವಿದ್ದಲ್ಲ ಅದು, ಸಾಮಾನು ಎತ್ತಿಟ್ಟು ಗುಡಿಸಿದ್ದು, ಇವನಿಗೇನು ಗೊತ್ತು. ಪುಸ್ತಕ ಯಾವತ್ತು ಮರಳಿಸಬೇಕೆಂದು ಲೆಕ್ಕ ಹಾಕುವ ಒಂದು ಫಂಕ್ಷನ್, ಅಷ್ಟೇ, ಆದರೆ ಹನ್ನೊಂದು ಅಂತಸ್ತು, ಹೀಗಿದ್ದರೆ ಹಾಗೆ ಅನ್ನುವ ಇಫ್‌ನೊಳಗೆ ಇಫ್, ಅದರೊಳಗೆ ಇನ್ನೊಂದು, ಒಳಗೆ ಹೋದವರಿಗೆ ಬಾಗಿಲು ಸಿಗುವುದಿಲ್ಲ. ಮೊದಲ ಸಲ ನೋಡಿದಾಗ ಬೈದುಕೊಂಡಿದ್ದಳು, ಬಿಡಿಸುತ್ತ ಬಿಡಿಸುತ್ತ ನಗು ಬಂತು, ಆಮೇಲೆ ಮುದುಕನ ಮೇಲೆ ಪ್ರೀತಿ ಉಕ್ಕಿತು, ಒಂದೊಂದು ಇಫ್ ಹಿಂದೆಯೂ ಒಂದೊಂದು ಊರು ಬಂದು ಗೋಗರೆದಿದೆ — ತಿನ್ನುವ ಪಲೋಲೋ ಹುಳು ನೀರಿನಿಂದ ಏಳುವ ದಿನ ಊರಿಗೆ ಊರೇ ಬಲೆ ಹಿಡಿದು ಸಮುದ್ರದಲ್ಲಿರುತ್ತದೆ, ಅವತ್ತು ಪುಸ್ತಕ ಕೇಳಬೇಡ, ನಮ್ಮ ದೊಡ್ಡಯಜಮಾನರ ಸಾವಿನ ವಾರ ಬಿಟ್ಟುಬಿಡು, ಬಿರುಗಾಳಿಗೆ ಸೇತುವೆ ಹೋಯಿತು, ಎರಡು ತಿಂಗಳು ತಡೆದುಕೋ — ಒಬ್ಬರಿಗೂ ಆಗಲ್ಲ ಅಂದವನಲ್ಲ ಈ ಅಜ್ಜ. ಅವನ್ನೆಲ್ಲ ಹೆಕ್ಕಿ ಒಂದು ಪಟ್ಟಿಯಲ್ಲಿಟ್ಟಳು, ಊರಿಗೊಂದು ಸಾಲು, ಒಂದು ಊರಿನ ಮಾತನ್ನೂ ಬಿಡಲಿಲ್ಲ. ಅವನೇ ಕಲಿಸಿದ್ದಲ್ಲವೇ, ಒಂದು ಉಸಿರಿಗೆ ಓದೋಕಾಗದ್ದು ಒಂದು ತಲೆಗೆ ಹಿಡಿಯಲ್ಲ ಮಗಳೇ, ಉಸಿರು ಕಟ್ಟಿದ ಕಡೆ ಕತ್ತರಿಸು, ಮೈ ಹಗುರ ಮಾಡು, ಆದರೆ ನಡತೆ ಬದಲಾಗಬಾರದು, ಹಳೆಯದು ಏನು ಹೇಳ್ತಿತ್ತೋ ಹೊಸದೂ ಅದನ್ನೇ ಹೇಳಬೇಕು. ಎಲ್ಲರ ಕೋಡನ್ನೂ ಓದಿಸಿ ಉಸಿರು ಎಣಿಸುತ್ತಿದ್ದವನು ಈ ಒಂದನ್ನು ಮಾತ್ರ ಮೂರನೇ ಅಂತಸ್ತಿಗೇ ಕೆಮ್ಮಿ ನಿಲ್ಲಿಸಿ, ಕೋಕೋ ಕುಡಿಯೋಣ ಬಾ, ಅನ್ನುತ್ತಿದ್ದ, ವಯಸ್ಸಾಯಿತು ಪಾಪ ಅಂದುಕೊಳ್ಳುತ್ತಿದ್ದಳು.

ವಯಸ್ಸಲ್ಲ. ಆ ಕೆಂಪಿನ ಜಾಡು ಹಿಡಿದು ಹೋದರೆ ಹನ್ನೊಂದನೇ ಅಂತಸ್ತಿನಲ್ಲಿ ಒಂದೇ ಸಾಲು, ಕಾರ್ಡು ನಾನೂರ ಹದಿನೇಳಾದರೆ ಬಾಕಿ ಇಲ್ಲ, ಪಕ್ಕದಲ್ಲಿ ಅವನ ಟಿಪ್ಪಣಿ, ಶುಕ್ರವಾರ ಮರಳಿಸಿದ್ದಾಳೆ. ಗಡುವು ಎರಡು ಸಾವಿರದ ಹನ್ನೊಂದು, ಡಿಸೆಂಬರ್ ಮೂವತ್ತು. ಅಂಥ ದಿನವೇ ಸಮೋವಾದ ಈ ದ್ವೀಪಗಳಿಗೆ ಬರಲಿಲ್ಲ, ಸರ್ಕಾರ ದಿನಾಂಕ ರೇಖೆಯ ಈ ಮಗ್ಗುಲಿಂದ ಆ ಮಗ್ಗುಲಿಗೆ ದಾಟಿತು, ಗುರುವಾರ ಮಲಗಿದವರು ಶನಿವಾರ ಎದ್ದರು, ಮತ್ತೆ ಕಾರ್ಡು ನಾನೂರ ಹದಿನೇಳು — ಅವಳದೇ, ಮೂಲೆ ಕಚ್ಚಿದ ಹಳದಿ ರಟ್ಟು, ಆಗ ಅವಳಿಗೆ ಒಂಬತ್ತು ವರ್ಷ, ಮುಂದಿನ ಹಲ್ಲು ಇರಲಿಲ್ಲ. ಊರ ಲೈಬ್ರರಿ ತೆರೆಯುತ್ತಿದ್ದದ್ದು ಶುಕ್ರವಾರ ಮಾತ್ರ, ಪಾದ್ರಿಯ ಹೆಂಡತಿ ಅಕೆನೇಸೆಯಮ್ಮ ಠಸ್ಸೆ ಒತ್ತಿ, ಹೇಳಿದ ದಿನ ತರದಿದ್ದರೆ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಹೆಸರು ಓದ್ತೀನಿ, ಅನ್ನುತ್ತಿದ್ದಳು, ಓದಿಯೂ ಓದುತ್ತಿದ್ದಳು, ಅದೇ ಪಟ್ಟಿ ವೆಬ್‌ಸೈಟಿಗೂ ಹೋಗಿ ಆಕ್ಲೆಂಡಿನ ಚಿಕ್ಕಮ್ಮಂದಿರು ಫೋನ್ ಮಾಡಿ ಉಗಿಯುತ್ತಿದ್ದರು. ಶುಕ್ರವಾರವೇ ಇಲ್ಲದಿದ್ದರೆ ಶುಕ್ರವಾರ ಕೊಡುವುದು ಹೇಗೆ, ಶನಿವಾರ ಬೆಳಗ್ಗೆ ಅಮ್ಮ ಅಂದಳು, ನೀರಾಚೆ ಅಮೆರಿಕದ ಸಮೋವಾದಲ್ಲಿ ನಿಮ್ಮತ್ತೆಗೆ ಇನ್ನೂ ಶುಕ್ರವಾರವೇ ನೋಡು, ಪುಣ್ಯವಂತೆ, ಒಂದು ದಿನ ಚಿಕ್ಕವಳು. ಅಷ್ಟು ಸಾಕಾಯಿತು. ತಿಮಿಂಗಿಲದ ಪುಸ್ತಕ, ನೀಲಿ ರಟ್ಟು, ಸೊಂಟದವರೆಗೆ ನೀರಿಗಿಳಿದು ಹಾಳೆ ಕೆಳಗೆ ರಟ್ಟು ಮೇಲೆ ಮಾಡಿ ಬಿಟ್ಟಳು, ಇಳಿತದ ನೀರು ಎಳೆದುಕೊಂಡಿತು, ಒಂದು ಅಲೆ, ಎರಡು, ಮೂರನೆಯದರಲ್ಲಿ ನೀಲಿ ಒಮ್ಮೆ ಎದ್ದು ಕಂಡಿತು, ಮುಳುಗುವುದನ್ನು ನೋಡಲಾರೆ ಎಂದು ತಿರುಗಿ ಓಟ ಕಿತ್ತಳು.

ಮುಂದಿನ ವಾರ ಅಕೆನೇಸೆಯಮ್ಮನ ಪಕ್ಕದಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದವನು ಪೆಲೆನಾಟೊ ಅಜ್ಜನೇ, ಆಗ ಕಪ್ಪು ಮೀಸೆ, ಪುಸ್ತಕ ಎಲ್ಲಿ ಮಗೂ, ಅಂದ, ಕೊಟ್ಟಾಯ್ತು, ಶುಕ್ರವಾರಾನೇ ಕೊಟ್ಟೆ, ಅಂದಳು, ಅವನು ಅವಳನ್ನೇ ನೋಡಿದ, ಟಕಟಕ ಏನೋ ಒತ್ತಿದ. ಭಾನುವಾರ ಹೆಸರು ಬರಲಿಲ್ಲ. ಕಳೆದುಹೋದ ದಿನ ತನ್ನ ತಪ್ಪನ್ನೂ ಹೊತ್ತುಕೊಂಡು ಹೋಯಿತು ಎಂದು ಇಷ್ಟು ವರ್ಷ ನಂಬಿದ್ದಳಲ್ಲ, ದಡ್ಡಿ, ದಿನ ಯಾರನ್ನೂ ಉಳಿಸುವುದಿಲ್ಲ, ಅವತ್ತಿನ ಮಿಕ್ಕ ಪುಸ್ತಕಗಳನ್ನೆಲ್ಲ ಅವನು ಮುಂದಿನ ಶುಕ್ರವಾರಕ್ಕೆ ಸರಿಸಿದ್ದಾನೆ, ಅವಳೊಬ್ಬಳಿಗೇ ಒಂದು ಸಾಲು, ಆ ಸಾಲಿನ ಮೇಲೇ ಹತ್ತು ಅಂತಸ್ತು ಏಳುವವರೆಗೂ ಅದನ್ನು ಕಾದುಕೊಂಡಿದ್ದಾನೆ. ಈಗೇನು ಮಾಡುವುದು, ಪಟ್ಟಿಯಲ್ಲಿ ಹಾಕಿ ನೋಡಿದಳು, ಮರಳಿಸಿದ ದಿನ ಡಿಸೆಂಬರ್ ಮೂವತ್ತು, ಕಂಪ್ಯೂಟರ್ ತೆಗೆದುಕೊಳ್ಳಲಿಲ್ಲ, ಅಂಥ ದಿನ ಇಲ್ಲ ಅಂದಿತು, ಇಲ್ಲ ಅನ್ನಲು ಕಲಿಸಿದವಳೂ ಅವಳೇ. ಇಟ್ಟುಕೊಂಡರೆ ಮೂವತ್ತೊಂದು ಸಾಲಿನ ನಡುವೆ ಒಬ್ಬಳ ಹೆಸರಿಗೆ ಒಂದು ಇಫ್, ನಾಳೆ ಲಫಾಯೆಲೆ ಕೇಳುತ್ತಾನೆ, ಯಾರೇ ಇವಳು ಮಹಾರಾಣಿ. ತೆಗೆದರೆ ಈ ಭಾನುವಾರ ಅಕೆನೇಸೆಯಮ್ಮ ಕನ್ನಡಕ ಏರಿಸಿ ಓದುತ್ತಾಳೆ, ಮೊದಲ ಬೆಂಚಿನಲ್ಲಿ ಅಮ್ಮ, ಹದಿಮೂರು ವರ್ಷ ಬಾಕಿ, ಫುವಾಟಿನೊ, ಲೈಬ್ರರಿಯ ಕೋಡ್ ಬರೆಯುವ ಹುಡುಗಿಯೇ — ಅದಕ್ಕಿಂತ ಹೆಚ್ಚಾಗಿ ಅಜ್ಜ, ತನ್ನ ಕರುಣೆಯನ್ನು ಕಸವೆಂದು ಗುಡಿಸಿದಳಲ್ಲ ಅಂದುಕೊಂಡರೆ. ಕೆಳಗೆ ಹಾಡು ನಿಂತಿತು, ಎರಡರ ಬಸ್ಸು, ಟಕ್, ಟಕ್, ಮೆಟ್ಟಿಲು, ನಾಲ್ಕು, ಐದು, ಎಲ್ಲರ ಹೆಸರೂ ಓದಲಿ ನನ್ನದು ಮಾತ್ರ ಬೇಡ ಅನ್ನುವುದು ಒಂಬತ್ತು ವರ್ಷದವಳಿಗೆ ಚೆಂದ, ಒಂಬತ್ತು, ಹತ್ತು, ಆ ಸಾಲನ್ನು ಅಳಿಸಿದಳು, ಹದಿನಾಲ್ಕಕ್ಕೆ ಅವನು ಬಾಗಿಲಲ್ಲಿದ್ದ.

ಓದು ಮಗಳೇ. ಓದಿದಳು, ಗಡುವು, ಊರು, ಪಟ್ಟಿ ನೋಡು, ಇದ್ದರೆ ಸರಿಸು, ಕೊಡು, ಮೂವತ್ತೊಂದು ಸಾಲೂ ಮುಗಿದು ಇನ್ನೂ ಉಸಿರು ಮಿಕ್ಕಿತು, ಮಿಕ್ಕದ್ದನ್ನು ಬಿಡಲೂ ಹೆದರಿಕೆ. ಅವನು ಕೋಲಿನ ಹಿಡಿ ಸವರುತ್ತ ಕೂತಿದ್ದ, ಚೆನ್ನಾಗಿದೆ, ಅಂದ, ನನ್ನ ಕೈಲಿ ಆಗ್ತಿರಲಿಲ್ಲ, ಅಂದ, ಕೋಲನ್ನು ಮಂಡಿಗೆ ಒರಗಿಸಿ, ಆ ಶುಕ್ರವಾರದ ಹುಡುಗಿಯನ್ನ ಎಲ್ಲಿಟ್ಟೆ, ಅಂದ. ಬಾಕಿಯವರ ಜೊತೆ ಇಟ್ಟೆ ಅಜ್ಜಾ, ಪುಸ್ತಕ ನಾನು ಕೊಟ್ಟಿರಲಿಲ್ಲ, ಸಮುದ್ರಕ್ಕೆ ಬಿಟ್ಟಿದ್ದೆ, ಆಚೆ ಇನ್ನೂ ಶುಕ್ರವಾರ ಇತ್ತಲ್ಲ ಅದಕ್ಕೆ — ಲಫಾಯೆಲೆ ಟೈಪು ಮಾಡುವುದನ್ನು ನಿಲ್ಲಿಸಿ ಕಿಟಕಿಯ ಕಡೆ ನೋಡುತ್ತಿದ್ದಾನೆ. ಗೊತ್ತು ಕಣಮ್ಮ, ಅಂದ ಅಜ್ಜ, ಅವತ್ತು ನಾನು ಅಲ್ಲೇ ದೀವಿಹಲಸಿನ ಮರದ ಕೆಳಗೆ ದೋಣಿ ಕೆರೀತಿದ್ದೆ, ಆಗ ಕಣ್ಣಿತ್ತು, ನೀನು ಓಡಿಹೋದೆ, ನಾನು ನಿಂತು ನೋಡಿದೆ, ಸುಳ್ಳು ಬರೆದವನಲ್ಲ ನಾನು. ಶುಕ್ರವಾರದ ಕಡೆಗೇ ಹೋಯ್ತು, ಹವಳದ ಬಂಡೆಸಾಲು ದಾಟೋವರೆಗೂ ಮುಳುಗಲಿಲ್ಲ ಮಗಳೇ — ಮುಳುಗಲಿಲ್ಲವೇ, ಮೂರನೇ ಅಲೆ, ನೀಲಿ ಎದ್ದಿತ್ತು, ಅಲ್ಲಿಗೇ ಬೆನ್ನು ತಿರುಗಿಸಿದ್ದಳು, ನಾಲ್ಕನೆಯದು ಇತ್ತೇ, ಐದನೆಯದು, ಬಿಳಿ ನೊರೆಯ ಸಾಲು, ಅದರಾಚೆ, ರಟ್ಟು ಮೇಲೆ, ಹಾಳೆ ಕೆಳಗೆ, ಇನ್ನೂ ತೇಲುತ್ತ, ನೀಲಿ —