ಉಗುರು ಗೀರಿದ ಮಿಡಿಸೌತೆ

ನಾನು ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ಮು. ಕಾದ ಅಚ್ಚಿನಿಂದ ಹೊರಬಿದ್ದ ಕೆಲವೇ ದಿನಗಳಲ್ಲಿ ನನ್ನನ್ನು ತುಮಕೂರಿನ ಹೊರಗಿನ ಒಂದು ಮಿಡಿಸೌತೆ ಕಾರ್ಖಾನೆಗೆ ತಂದಿಳಿಸಿದರು. ಕಿರುಬೆರಳುದ್ದದ ಆ ಕಾಯಿಗಳನ್ನು ಉಪ್ಪುನೀರಿನಲ್ಲಿ ಮುಳುಗಿಸಿಕೊಂಡು ಹಡಗಿನಲ್ಲಿ ಯುರೋಪಿಗೆ ಹೋಗುವುದೇ ನನ್ನಂಥವರ ಕೆಲಸ. ಅದನ್ನು ಇಲ್ಲಿ ಬೆಳೆಯುವವರೂ ತಿನ್ನುವುದಿಲ್ಲ, ಆರಿಸುವವರೂ ತಿನ್ನುವುದಿಲ್ಲ. ಬಾಯಿಗಿಟ್ಟರೆ ಮುಖ ಕಿವುಚುತ್ತಾರೆ. ಆದರೂ ಊರಿನ ಅರ್ಧ ಒಲೆಗಳು ಅದರಿಂದಲೇ ಉರಿಯುತ್ತಿದ್ದವು.

ನನ್ನನ್ನು ಕಾಯಿ ಆರಿಸುವ ಮೇಜಿನ ಪಕ್ಕ ನಿಲ್ಲಿಸಿದ್ದರು. ಮೇಜಿನ ಯಜಮಾನಿಕೆ ಸಾವಂತ್ರಮ್ಮನದು. ಬಾಯಿ ಜೋರು, ಮನಸ್ಸು ಮೆತ್ತಗೆ. ಅಲ್ಲಿ ಬಳೆ ತೊಡುವಂತಿಲ್ಲ, ಉಗುರು ಬಿಡುವಂತಿಲ್ಲ. ಉಗುರು ಗೀರಿದ ಕಾಯಿ ಉಪ್ಪುನೀರಿನಲ್ಲಿ ಕೊಳೆತು ಇಡೀ ಡ್ರಮ್ಮನ್ನೇ ಕೆಡಿಸುತ್ತದೆ. ಸಾವಂತ್ರಮ್ಮನ ಒಂದು ಪಕ್ಕ ಅವಳ ಹೊಸ ಸೊಸೆ ಪುಟ್ಟಗೌರಿ ಕೂರುತ್ತಿದ್ದಳು. ಇನ್ನೊಂದು ಪಕ್ಕ ಜರೀನಾ, ಗಂಡನಿಲ್ಲದೆ ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದವಳು.

ಎಲ್ಲೋ ದೂರದಲ್ಲಿ ಯುದ್ಧ ಶುರುವಾಯಿತು. ಕೆಂಪು ಸಮುದ್ರದಲ್ಲಿ ಕ್ಷಿಪಣಿಗಳು ಬೀಳುತ್ತವೆಂದು ಹಡಗುಗಳು ಆಫ್ರಿಕಾ ಖಂಡವನ್ನೇ ಸುತ್ತತೊಡಗಿದವು. ಹೋದ ಕಂಟೇನರುಗಳು ಹೊತ್ತಿಗೆ ಸರಿಯಾಗಿ ಮರಳಲಿಲ್ಲ. ತುಂಬಿದ ಡ್ರಮ್ಮುಗಳು ಅಂಗಳದಲ್ಲಿ ಬಿಸಿಲು ಕಾಯುತ್ತ ನಿಂತವು.

ಒಂದು ಬೆಳಿಗ್ಗೆ ನನ್ನೊಳಗೆ ಗೀರಿದ ಕಾಯಿಗಳು ಸಿಕ್ಕವು. ಮ್ಯಾನೇಜರು ಸಾವಂತ್ರಮ್ಮನನ್ನು ಕರೆದರು.

"ಮೇಜಿಗೆ ಅರ್ಧ ಜನ ಸಾಕಮ್ಮ ಇನ್ಮೇಲೆ. ಇದ್ಯಾರ ಕೆಲ್ಸ ಹೇಳಿ, ಮೊದ್ಲು ಅವ್ರನ್ನ ಕಳ್ಸೋಣ."

ಅದು ಪುಟ್ಟಗೌರಿಯ ಕೆಲಸ. ಮದುವೆಗೆ ಬಣ್ಣ ಹಚ್ಚಿದ್ದ ಎರಡು ಉಗುರುಗಳನ್ನು ಅವಳು ಕತ್ತರಿಸಿರಲಿಲ್ಲ. ಅದಕ್ಕಾಗಿ ಅತ್ತೆಯಿಂದ ಅಂದೇ ಬೈಸಿಕೊಂಡಿದ್ದಳು.

"ಜರೀನಾದು ಸಾರ್," ಎಂದುಬಿಟ್ಟಳು ಸಾವಂತ್ರಮ್ಮ.

ಜರೀನಾ ಜಗಳವಾಡಲಿಲ್ಲ. ತನ್ನ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ಇರ್ಬೋದಕ್ಕ, ನಂಗೇ ಗೊತ್ತಾಗ್ಲಿಲ್ಲ," ಎಂದು ಹೊರಟುಹೋದಳು. ಆಮೇಲೆ ಬಹಳ ದಿನ ಸಾವಂತ್ರಮ್ಮನಿಗೆ ಊಟ ಸೇರಲಿಲ್ಲ. ಬುತ್ತಿಯನ್ನು ಬಿಚ್ಚಿ ಹಾಗೇ ಕಟ್ಟಿಡುತ್ತಿದ್ದಳು.

ಮುಂದೆ ನನ್ನ ಸರದಿಯೂ ಬಂತು. ಅಂಗಳದ ಬಿಸಿಲಿಗೆ ಬಾಯಿ ಸೊಟ್ಟಗಾಗಿ ಮುಚ್ಚಳ ಕೂರದಾಯಿತು. ಹಡಗಿಗೆ ಬೇಡವಾದ ನನ್ನನ್ನು ಸಾವಂತ್ರಮ್ಮ ಕೇಳಿ ಪಡೆದು, ಆಟೋದಲ್ಲಿ ಹಾಕಿಸಿ, ಜರೀನಾಳ ಮನೆಗೆ ತಂದಳು.

"ನೀರಿಗಾಗ್ತದೆ, ಇಟ್ಕೊ."

ಜರೀನಾಳ ಕಣ್ಣು ತುಂಬಿತು. "ನನ್ನಿಂದ ನಿಮ್ಗೆ ಕೆಟ್ಟ ಹೆಸ್ರು ಬಂತು. ಆದ್ರೂ ನೆನಪಿಟ್ಕೊಂಡು ಬಂದ್ರಲ್ಲ. ಸಾಹೇಬ್ರಿಗೆ ಒಂದ್ಮಾತು ಹೇಳ್ತೀರಾ ಅಕ್ಕ?" ಎಂದು ಕೈ ಚಾಚಿದಳು. ಉಗುರುಗಳನ್ನು ರಕ್ತ ಜಿನುಗುವಷ್ಟು ಒಳಕ್ಕೆ ಕತ್ತರಿಸಿಕೊಂಡಿದ್ದಳು.

"ಹೇಳ್ತೀನಿ," ಎಂದಳು ಸಾವಂತ್ರಮ್ಮ, ನನ್ನ ಕಡೆ ನೋಡುತ್ತ.

ಕಾರ್ಖಾನೆಗೆ ಮತ್ತೆ ಕೆಲಸ ಬಂತು. ಸುತ್ತು ದಾರಿಗೇ ಹಡಗಿನವರು ಒಗ್ಗಿಹೋದರಂತೆ. ಕೆಲಸದಿಂದ ತೆಗೆದವರನ್ನೆಲ್ಲ ಕರೆದರು, ಜರೀನಾಳನ್ನು ಕರೆಯಲಿಲ್ಲ. ಸಾವಂತ್ರಮ್ಮ ಈಗ ಈ ಬೀದಿಯಲ್ಲಿ ಓಡಾಡುವುದಿಲ್ಲ.

ನನಗೆ ವಯಸ್ಸಾಯಿತು. ಬಚ್ಚಲ ಮೂಲೆಯಲ್ಲಿ ಪಾಚಿ ಕಟ್ಟಿಕೊಂಡು ನಿಂತಿದ್ದೇನೆ. ಗೀರಿದ ಕಾಯಿಗಳು ನನ್ನೊಳಗೇ ಇದ್ದವು, ಸತ್ಯವೂ ನನಗೆ ಗೊತ್ತಿತ್ತು. ಬಾಯಿ ದೊಡ್ಡದಿದ್ದರೇನು, ಮಾತಿಲ್ಲ. ಸಮುದ್ರದಾಚೆ ಹೊಡೆದಾಡಿದವರಿಗೆ ಜರೀನಾ ಯಾರೆಂದು ಗೊತ್ತಿರಲಿಲ್ಲ. ಸಾವಂತ್ರಮ್ಮನಿಗೆ ಗೊತ್ತಿತ್ತು. ನೆರೆಯವರು ನೀರಿಗೆ ಬಂದು, "ಡ್ರಮ್ ಎಲ್ಲಿ ತಗೊಂಡೆ?" ಎಂದಾಗ ಜರೀನಾ ಇಂದಿಗೂ ಹೆಮ್ಮೆಯಿಂದ ಹೇಳುತ್ತಾಳೆ: "ನಮ್ಮಕ್ಕ ಕೊಟ್ಟಿದ್ದು. ಅಂಥೋರು ಸಿಗಲ್ಲ."