ಅರುಳಮ್ಮನ ಸಾಕ್ಷಿ

ಕಾವೇರಿ ನೆಲ್ಯಹುದಿಕೇರಿಯ ದಡದ ಮನೆಗಳಿಗೆ ನುಗ್ಗಿದ ವರ್ಷ ಅರುಳಮ್ಮನ ಮಗ ಸುನಿಲ್ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಕುತ್ತಿಗೆಮಟ್ಟದ ನೀರಿಗೆ ಇಳಿದಿದ್ದ. ಮೊದಲು ತಾಯಿಯನ್ನು ಹೊತ್ತು ತಂದ. ಆಮೇಲೆ ಪಕ್ಕದ ಮನೆಯ ಯಮುನಳ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದ. ಸಾಕು ಎಂದು ಎಲ್ಲರೂ ಕೂಗುತ್ತಿದ್ದರೂ ಮತ್ತೆ ಮತ್ತೆ ಹೋದ. ನೀರಿಳಿದ ಮೇಲೆ ಚರ್ಚಿನಲ್ಲಿ ಅವನಿಗೆ ಶಾಲು ಹೊದಿಸಿದರು. ತಾಯಿಗೂ ಹೆಂಗಸರ ಸಾಲಿನಲ್ಲಿ ಮುಂದಿನ ಜಾಗ ಸಿಕ್ಕಿತು.

ಅದೇ ಸುನಿಲ್ ಹೆಂಡತಿಯನ್ನು ಹೊಡೆಯುತ್ತಿದ್ದ. ಕುಡಿತದ ಮೇಲೆ ತಪ್ಪು ಹೊರಿಸೋಣವೆಂದರೆ ಅವನು ಕುಡಿಯುತ್ತಲೂ ಇರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತು, ಫೋನ್ ಬೇಗ ಎತ್ತಲಿಲ್ಲ, ಸುಮ್ಮನೆ ಯಾಕೆ ಹಾಗೆ ನೋಡಿದೆ, ಯಾವುದಾದರೂ ಆಗುತ್ತಿತ್ತು. ರಂಜಿತಾ ಕುಶಾಲನಗರದ ಕಡೆಯ ರೈತರ ಮಗಳು. ಜಾತಿ ಬಿಟ್ಟು ಕ್ರೈಸ್ತರ ಮನೆ ಸೇರಿದಳೆಂದು ತವರಿನವರು ಬಾಗಿಲು ಮುಚ್ಚಿದ್ದರು. ಅವಳಿಗೆ ಇದ್ದದ್ದು ಅತ್ತೆ ಒಬ್ಬಳೇ.

ಅರುಳಮ್ಮ ಒಮ್ಮೆ ಚರ್ಚಿನ ಮುದಿ ಫಾದರ್ ಹತ್ತಿರ ಹೋಗಿ ಅತ್ತುಕೊಂಡಳು. ಯೇಸು ಹೇಳಿದ ಕಥೆಯ ಹೊಲದಲ್ಲಿ ಗೋದಿಯ ಜೊತೆಗೇ ಕಳೆ ಬೆಳೆದದ್ದು, ಈಗಲೇ ಕಿತ್ತರೆ ಗೋದಿಯೂ ಕಿತ್ತು ಬಂದೀತೆಂದು ಯಜಮಾನ ಆಳುಗಳನ್ನು ತಡೆದು ಕೊಯ್ಲಿನ ದಿನ ಬೇರ್ಪಡಿಸೋಣ ಎಂದದ್ದು, ಎಲ್ಲವನ್ನೂ ಅವರು ನೆನಪಿಸಿದರು. "ತಾಳ್ಮೆಯಿಂದಿರಿ, ಪ್ರಾರ್ಥನೆ ಮಾಡಿ" ಎಂದರು. ಆ ಮಾತನ್ನೇ ಅವಳು ಮನೆಗೆ ತಂದು ಸೊಸೆಗೆ ಕೊಟ್ಟಳು. ಏಟಿನ ಗುರುತಿಗೆ ಬಿಸಿ ಎಣ್ಣೆ ಹಚ್ಚುತ್ತಾ, "ಸ್ವಲ್ಪ ತಡ್ಕೊ ಮಗಳೇ, ಅವ್ನು ಒಳ್ಳೆಯವ್ನೇ. ಎಷ್ಟು ಜನನ್ನ ಉಳಿಸ್ಲಿಲ್ಲ?" ಎನ್ನುತ್ತಿದ್ದಳು. ರಂಜಿತಾ ತಲೆಯಾಡಿಸುತ್ತಿದ್ದಳು. ಹೀಗೇ ವರ್ಷಗಳು ಹೋದವು. ಹೊಳೆ ತೆಗೆದುಕೊಂಡು ಹೋದ ಮನೆಯ ಬದಲು ಈಗ ಅವರು ಕಾಫಿ ಎಸ್ಟೇಟಿನ ಕೂಲಿಯವರ ಲೈನ್‌ಮನೆಯಲ್ಲಿದ್ದರು. ಗೋಡೆಯಾಚೆಯೇ ಯಮುನಳ ಮನೆ. ಅಲ್ಲಿಗೆ ಎಲ್ಲವೂ ಕೇಳಿಸುತ್ತಿತ್ತು. ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ.

ಕಾಫಿ ಹಣ್ಣಿನ ಪಿಕ್ಕಿಂಗ್ ಜೋರಾಗಿದ್ದ ಒಂದು ಮಧ್ಯಾಹ್ನ ಜ್ವರ ಬಂದು ಅರುಳಮ್ಮ ಕೂಲಿಯ ಲೆಕ್ಕ ಬರೆಯುವ ರೈಟರಿಗೆ ಹೇಳಿ ಬೇಗ ಮನೆಗೆ ಬಂದಳು. ರಂಜಿತಾ ಒಲೆಯ ಪಕ್ಕ ಬಿದ್ದಿದ್ದಳು. ಕಿವಿಯಿಂದ ರಕ್ತ ಇಳಿದು ಕುತ್ತಿಗೆಯ ತನಕ ಬಂದಿತ್ತು. ಸುನಿಲ್ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದ. ಒರೆಸುತ್ತಾ ಅಳುತ್ತಿದ್ದ. ಆ ಅಳು ಸುಳ್ಳಾಗಿರಲಿಲ್ಲ. ಅದನ್ನು ಕಂಡೇ ಅರುಳಮ್ಮನಿಗೆ ಹೆಚ್ಚು ಭಯವಾಯಿತು.

"ಅಮ್ಮ, ಜಾರಿ ಬಿದ್ಲು ಅಂತ ಹೇಳು" ಎಂದ.

ಮಡಿಕೇರಿಯ ಆಸ್ಪತ್ರೆಗೆ ಅವನೇ ಎಸ್ಟೇಟಿನ ಜೀಪು ಓಡಿಸಿದ. ಡಾಕ್ಟರಿಗೆ ಅನುಮಾನ ಬಂದು ಪೊಲೀಸರನ್ನು ಕರೆಸಿದರು. ಬಂದವಳು ಮಹಿಳಾ ಕಾನ್‌ಸ್ಟೇಬಲ್. ಸುನಿಲ್‌ನನ್ನು ಹೊರಗೆ ಕಳಿಸಿ, ಏನಾಯಿತೆಂದು ಮಂಚದ ಪಕ್ಕ ಕೂತು ಕೇಳಿದಳು. ರಂಜಿತಾ ಅತ್ತೆಯ ಮುಖ ನೋಡಿದಳು. ಆ ನೋಟದಲ್ಲಿ ಬೇಡಿಕೆಯಿರಲಿಲ್ಲ. ಈ ಹೆಂಗಸು ಈಗಲೂ ಮಗನನ್ನೇ ಕಾಯುತ್ತಾಳೆ ಎಂದು ತಿಳಿದವಳ ನೋಟ ಅದು.

"ಬಿದ್ದದ್ದಲ್ಲ" ಎಂದಳು ಅರುಳಮ್ಮ. "ನನ್ನ ಮಗ ಹೊಡ್ದದ್ದು. ಇವತ್ತೊಂದೇ ದಿನ ಅಲ್ಲ."

ಸುನಿಲ್‌ನನ್ನು ಅಂದೇ ಕರೆದೊಯ್ದರು. ಲೈನ್‌ನಲ್ಲಿ ಅರುಳಮ್ಮನ ಜೊತೆ ಮಾತು ನಿಂತಿತು. ನಲ್ಲಿಯ ಹತ್ತಿರ ಅವಳು ಬಂದರೆ ಹೆಂಗಸರು ಕೊಡ ಎತ್ತಿಕೊಂಡು ಸರಿಯುತ್ತಿದ್ದರು. ಯಮುನ ಮಾತ್ರ ತನ್ನ ಬಾಗಿಲಲ್ಲಿ ನಿಂತು ಎದುರಿಗೇ ಕೇಳಿದಳು.

"ನನ್ನ ಮಗು ಜೀವ ಉಳಿಸ್ದವ್ನನ್ನ ಜೈಲಿಗೆ ಹಾಕ್ಸಿದ್ರಲ್ಲ ಅರುಳಕ್ಕ. ಹೆತ್ತ ತಾಯಿ ಮಾಡೋ ಕೆಲ್ಸನಾ ಇದು?"

"ನಿಂಗೂ ಗೋಡೆಯಾಚೆಯಿಂದ ಕೇಳಿಸ್ತಿತ್ತಲ್ಲ ಯಮುನ."

ಯಮುನ ಬಾಗಿಲು ಹಾಕಿಕೊಂಡಳು.

ರಂಜಿತಾಳ ಎಡಗಿವಿಗೆ ಮತ್ತೆ ಕೇಳಿಸಲಿಲ್ಲ. ಮೈಸೂರಿನಲ್ಲಿ ಸಿಸ್ಟರುಗಳು ನಡೆಸುವ ಹಾಸ್ಟೆಲಿನ ಅಡುಗೆಮನೆಯಲ್ಲಿ ಅವಳಿಗೆ ಕೆಲಸ ಗೊತ್ತಾಯಿತು. ಬಸ್ ಹತ್ತುವಾಗ ಅವಳು ಬಲಗಿವಿಯನ್ನು ಅತ್ತೆಯ ಕಡೆಗೆ ತಿರುಗಿಸಿ ಮಾತು ಕೇಳಿದಳು. ಹುಷಾರು, ಊಟ ಸರಿಯಾಗಿ ಮಾಡು, ಅಷ್ಟೇ ಇತ್ತು ಹೇಳಲಿಕ್ಕೆ.

"ಅತ್ತೆ, ಆಸ್ಪತ್ರೇಲಿ ಹೇಳಿದ ಮಾತು ಮೊದಲ್ನೇ ಸಲವೇ ಹೇಳಿದ್ದಿದ್ರೆ" ಎಂದು ಶುರುಮಾಡಿದ ರಂಜಿತಾ ಮುಗಿಸಲಿಲ್ಲ. ಬಸ್ಸು ಹೊರಟಿತು.

ಆ ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದು ಜನ ಹೋದ ಮೇಲೆ ಅರುಳಮ್ಮ ಕಡೆಯ ಬೆಂಚಿನಲ್ಲೇ ಕೂತಿದ್ದಳು. ಫಾದರ್ ಬಂದು ಪಕ್ಕ ಕೂತರು.

"ಆ ಹೊಲದಲ್ಲಿ ಗೋದಿ ಬೇರೆ, ಕಳೆ ಬೇರೆ ಇತ್ತು ಫಾದರ್. ನನ್ನ ಮಗನಲ್ಲಿ ಎರಡಕ್ಕೂ ಒಂದೇ ಬೇರು. ನಾನು ಯಾವುದನ್ನ ಕಾಯ್ಲಿ?"

"ಕೀಳ್ಬೇಡಿ ಅಂದ್ರೆ ಯಾರನ್ನೂ ಕೆಟ್ಟವನು ಅಂತ ಕಡೇ ತೀರ್ಪು ಕೊಡ್ಬೇಡಿ ಅಂತ. ಹೊಡೆಯೋ ಕೈಗೆ ಅಡ್ಡ ಹೋಗ್ಬೇಡಿ ಅಂತಲ್ಲ. ಅದನ್ನ ನಿಮಗೆ ಅವತ್ತೇ ಹೇಳ್ಬೇಕಿತ್ತು. ಹೇಳ್ಲಿಲ್ಲ. ಪೆಟ್ಟು ತಿನ್ನೋಳ ತಾಳ್ಮೆನ ನಾವಿಬ್ಬರೂ ಖರ್ಚು ಮಾಡಿದ್ವಿ."

"ಕೊಯ್ಲು ಬರುತ್ತೆ ಅಂತ ನೀವು ನಂಬ್ತೀರಾ?"

"ನಂಬ್ತೀನಿ. ಕೆಲವು ದಿನ ನಂಬೋಕೆ ಆಗೋದಿಲ್ಲ. ಆ ದಿನಾನೂ ಪೂಜೆ ಮಾಡ್ತೀನಿ."

ಅದು ಅವಳಿಗೆ ಸಮಾಧಾನ ಕೊಡಲಿಲ್ಲ. ಆದರೂ ಅವರು ಸುಳ್ಳು ಹೇಳಲಿಲ್ಲವೆಂದುಕೊಂಡು ಎದ್ದಳು.

ಜೈಲಿನಲ್ಲಿ ಸುನಿಲ್ ತಾಯಿಯನ್ನು ನೋಡಲು ಮೊದಮೊದಲು ಬರಲೇ ಇಲ್ಲ. ಮಳೆ ಹಿಡಿಯುವ ಹೊತ್ತಿಗೆ ಒಂದು ದಿನ ಬಂದು ಜಾಲರಿಯ ಆಚೆ ನಿಂತ. ಗಡ್ಡ ಬೆಳೆದಿತ್ತು, ಕೆನ್ನೆ ಒಳಗೆ ಹೋಗಿತ್ತು. ಅವನು ರಂಜಿತಾಳ ವಿಷಯ ಕೇಳಲಿ ಎಂದು ಅರುಳಮ್ಮ ಕಾದಳು. ಅಷ್ಟು ಕೇಳಿದರೂ ಸಾಕಿತ್ತು.

"ಜಾಮೀನಿಗೆ ಯಾರಾದ್ರೂ ಒಪ್ಪಿದ್ರಾ?" ಎಂದ.

"ಅವಳಿಗೆ ಎಡಗಿವಿ ಕೇಳ್ಸಲ್ಲ ಸುನಿ."

ಅವನು ಗೋಡೆ ನೋಡಿದ. "ನೀನು ಸುಮ್ನಿದ್ದಿದ್ರೆ ಎಲ್ಲ ಸರಿಹೋಗ್ತಿತ್ತು. ಇನ್ನು ಬರ್ಬೇಡ" ಎಂದು ಒಳಗೆ ಹೋದ.

ಅವಳು ಜಾಲರಿ ಹಿಡಿದುಕೊಂಡು ನೋಡಿದಳು. ನೀರಿನಲ್ಲಿ ತನ್ನನ್ನು ಹೊತ್ತ ಬೆನ್ನು ಬಾಗಿಲು ದಾಟಿ ಮರೆಯಾಯಿತು. ಅವನು ಬದಲಾಗುತ್ತಾನೆಂದು ಅವಳಿಗೆ ಎಲ್ಲಿಯೂ ಅನಿಸಲಿಲ್ಲ. ಬದಲಾಗುವುದೇ ಇಲ್ಲವೆಂದು ಹೇಳಿಕೊಳ್ಳಲೂ ಬಾಯಿ ಬರಲಿಲ್ಲ.

ಗೇಟಿನ ಪೊಲೀಸಿನವನು ಚೀಲ ವಾಪಸು ಕೊಡುತ್ತಾ, "ಮಗ ಬೇಡ ಅಂದ್ನಲ್ಲ, ಯಾಕಮ್ಮ ಈ ಮಳೇಲಿ ಒದ್ದಾಡ್ತೀರಿ?" ಎಂದ.

"ಮುಂದಿನ ವಾರ ನೋಡೋಕೆ ಯಾವತ್ತು ಬಿಡ್ತೀರಿ?" ಎಂದು ಕೇಳಿ, ದಿನ ತಿಳಿದುಕೊಂಡು, ಅರುಳಮ್ಮ ಬಸ್‌ಸ್ಟ್ಯಾಂಡಿನ ಇಳಿಜಾರು ಹಿಡಿದಳು.