ಒಟ್ಟಿಗೆ ಮುಗಿಸಬೇಕಾದ ವಚನ

ನಡುವೆ ಹೊಳೆ ಹರಿಯುವ ಒಂದು ಊರು. ಹೆಸರು ಬೇಡ, ಹೇಳಿದರೆ ಎರಡೂ ದಂಡೆಯವರು ನನ್ನ ಮೇಲೆ ಬಂದಾರು. ಊರಿನ ಹಿಂದೆ ತಂದೆಬೆಟ್ಟ, ಅದರ ಮಗ್ಗುಲಲ್ಲೇ ಮಗನಬೆಟ್ಟ. ಅತ್ತಲಿಂದ ಬೀಸುವ ತಂಗಾಳಿಯಿಂದಲೇ ತಾವು ಉಸಿರಾಡುತ್ತಿದ್ದೇವೆ ಎಂಬುದು ಊರವರೆಲ್ಲರ ನಂಬಿಕೆ.

ಹಿಂದೊಮ್ಮೆ ಹಿರಿಯರೆಲ್ಲ ಒಂದೇ ಚಪ್ಪರದಡಿ ಕೂತು, ತಿಂಗಳುಗಟ್ಟಲೆ ಜಗಳವಾಡಿ, ಆ ನಂಬಿಕೆಯನ್ನು ಸಾರುವ ಒಂದು ವಿಶ್ವಾಸವಚನ ಕಟ್ಟಿದ್ದರು. ‘ಗಾಳಿ ಹೊರಡುವುದು ತಂದೆಬೆಟ್ಟದಿಂದ’ ಎಂಬುದು ಅದರ ಕೊನೆಯ ಸಾಲು. ಪೂರ್ವದಂಡೆಯವರು ಇವತ್ತಿಗೂ ಅಲ್ಲಿಗೇ ನಿಲ್ಲಿಸುತ್ತಾರೆ. ಪಶ್ಚಿಮದಂಡೆಯವರು ಮಾತ್ರ, ಮಗನಬೆಟ್ಟವನ್ನು ಯಾರೋ ಬರೀ ದಿಬ್ಬವೆಂದು ಹೀಯಾಳಿಸಿದ ಕಾಲದಲ್ಲಿ, ರೋಷ ತಡೆಯದೆ ‘ಮಗನಬೆಟ್ಟದಿಂದಲೂ’ ಎಂದು ಸೇರಿಸಿಕೊಂಡರು. ಆಚೆ ದಂಡೆಯವರನ್ನು ಒಂದು ಮಾತು ಕೇಳಲಿಲ್ಲ. ಪೂರ್ವದವರ ಸಿಟ್ಟು ಗಾಳಿಯ ವಿಷಯಕ್ಕೋ, ತಮ್ಮನ್ನು ಕೇಳಲಿಲ್ಲವೆಂಬುದಕ್ಕೋ, ಅವರಿಗೂ ಸರಿಯಾಗಿ ತಿಳಿಯದು.

ಹೀಗಿರುವಾಗ ಪೂರ್ವದ ಒಬ್ಬ ದೋಣಿಗಾರನಿಗೂ ಪಶ್ಚಿಮದಲ್ಲಿ ಮಡಕೆ ಮಾಡುವ ಹುಡುಗಿಗೂ ಮನಸ್ಸು ಕೂಡಿತು. ಊರಿನ ಕಟ್ಟಳೆ ಏನಪ್ಪಾ ಎಂದರೆ, ವಧೂವರರು ವಚನವನ್ನು ಒಟ್ಟಿಗೆ ಶುರುಮಾಡಿ ಒಟ್ಟಿಗೇ ಮುಗಿಸಬೇಕು. ಆಗಲೇ ಮದುವೆ.

ಹೊಳೆಯ ನಡುವಿನ ಬಂಡೆಯ ಮೇಲೆ ಎರಡೂ ಕಡೆಯವರು ಸೇರಿದರು. ಹುಡುಗ ಮುಗಿಸಿದ, ಹುಡುಗಿ ಇನ್ನೂ ಹೇಳುತ್ತಲೇ ಇದ್ದಳು.

“ಇನ್ನೂ ಏನಮ್ಮಾ ನಿಂದು?” ಎಂದ ಪೂರ್ವದ ಯಜಮಾನ.

“ಅರ್ಧಕ್ಕೇ ಬಾಯಿ ಮುಚ್ಚಿದೋನು ನಿಮ್ಮ ಹುಡುಗ ಕಣಯ್ಯಾ,” ಎಂದಳು ಪಶ್ಚಿಮದ ಹಿರಿಯಜ್ಜಿ.

“ನಾನು ಸ್ವಲ್ಪ ಎಳೆದು ಹೇಳಲಾ ಅಜ್ಜೀ?” ಎಂದ ಹುಡುಗ.

“ಎಳೆಯೋಕೆ ಇದೇನು ಜೋಗುಳವೇನೋ?”

ಕೊನೆಗೆ ಒಂದು ತಿಂಗಳ ಗಡುವು ಸಿಕ್ಕಿತು. ಮತ್ತೆ ತಪ್ಪಿದರೆ ಸಂಬಂಧ ಮುರಿದಂತೆ.

ಆ ತಿಂಗಳೆಲ್ಲ ಹುಡುಗ ತನ್ನ ದೋಣಿಯಲ್ಲಿ ಕೂತು, ಯಾರಿಗೂ ಹೇಳದೆ, ಅವಳ ದಂಡೆಯ ವಚನವನ್ನು ಬಾಯಿಪಾಠ ಮಾಡಿದ. ಅವಳಿಗಾಗಿ ಒಂದು ಮಾತು ಹೆಚ್ಚು ಹೇಳಿದರೆ ಯಾವ ಬೆಟ್ಟವೂ ಕುಸಿಯದು ಎಂದುಕೊಂಡ. ಹುಡುಗಿಯೂ ಮಡಕೆಯ ತಿಗರಿಯ ಮುಂದೆ ಕೂತು, ಅಷ್ಟೇ ಗುಟ್ಟಾಗಿ, ಆ ಒಂದು ಮಾತನ್ನು ನುಂಗಲು ಕಲಿತಳು.

ದಿನ ಬಂತು. ಈ ಸಲ ಮೊದಲು ಮುಗಿಸಿದವಳು ಹುಡುಗಿ. ಹುಡುಗ ಹೇಳುತ್ತಲೇ ಇದ್ದ. ಇಬ್ಬರೂ ಬೆಪ್ಪಾಗಿ ಮುಖ ಮುಖ ನೋಡಿಕೊಂಡರು. ಜನರಿಗೂ ತಲೆಬುಡ ತಿಳಿಯಲಿಲ್ಲ.

ಮೊದಲು ಚೇತರಿಸಿಕೊಂಡವನು ಪೂರ್ವದ ಯಜಮಾನ. “ಕೇಳಿದಿರೇನ್ರೋ? ಹುಡುಗಿ ನಮ್ಮೋಳು! ಬಾ ತಾಯಿ!” ಎಂದು ಅವಳನ್ನು ತನ್ನ ದೋಣಿಗೆ ಹತ್ತಿಸಿಕೊಂಡ. ಅಜ್ಜಿ ಬಿಟ್ಟಾಳೆಯೆ? “ಈ ಮಗ ನಮ್ಮೋನು,” ಎಂದು ಹುಡುಗನ ಕೈ ಹಿಡಿದಳು. ಎರಡೂ ದಂಡೆಗಳಲ್ಲಿ ಡೋಲು ಮೊಳಗಿತು. ಊರು ಅಷ್ಟು ಸಂತೋಷಪಟ್ಟದ್ದನ್ನು ಯಾರೂ ಕಂಡಿರಲಿಲ್ಲ.

ಪಶ್ಚಿಮದ ದಂಡೆಯಲ್ಲಿ ಹಾರ ಹಾಕಿಸಿಕೊಂಡು ನಿಂತ ಹುಡುಗ ತಡವರಿಸುತ್ತ ಕೇಳಿದ: “ಅದಿರಲಿ ಅಜ್ಜೀ, ನಮ್ಮ ಮದುವೆ?”

“ಯಾರ ಜೊತೆಯೋ?” ಅಜ್ಜಿ ಗಾಬರಿಯಾದಳು. “ಆ ಪೂರ್ವದಂಡೆ ಹುಡುಗಿ ಜೊತೆಗಾ?”